ಹೇಗ್‌ನಲ್ಲಿ ಒಂದು ಸುಳ್ಳು ಸಮುದ್ರ

ನೆದರ್ಲೆಂಡ್ಸ್‌ನ ಹೇಗ್‌ನಲ್ಲಿ ಟ್ರಾಮ್ ಹತ್ತಿದರೆ ನಿಜವಾದ ಸಮುದ್ರವೇ ಸಿಗುತ್ತದೆ. ದುಡ್ಡು ಕೊಟ್ಟು ಚಿತ್ರದ ಸಮುದ್ರ ಯಾಕೆ ನೋಡಬೇಕು ಎಂದು ನನ್ನ ತಕರಾರು. "ಸುಮ್ನೆ ಬನ್ನಿ ಚಿಕ್ಕಮ್ಮ" ಎಂದು ಅಕ್ಕನ ಮಗಳು ಎಳೆದುಕೊಂಡೇ ಹೋದಳು.

ಪನೋರಮಾ ಎಂದರೆ ನೋಡುವವರ ಸುತ್ತ ದುಂಡಗೆ ಹಬ್ಬಿದ ಭಾರೀ ಚಿತ್ರ. ಇಲ್ಲಿನ ಪನೋರಮಾ ಮೆಸ್ಡಾಖ್‌ನಲ್ಲಿ ಮೊದಲು ಕತ್ತಲೆ ಓಣಿ, ಆಮೇಲೆ ಮೆಟ್ಟಿಲು. ಮೇಲೆ ಬಂದರೆ ಮರಳು ದಿಬ್ಬದ ನೆತ್ತಿಯಲ್ಲಿದ್ದೇವೆ! ಮುಂದೆ ಸಮುದ್ರ, ದಡಕ್ಕೆ ಎಳೆದಿಟ್ಟ ಮೀನುಗಾರರ ದೋಣಿಗಳು. ಹಿಂದೆ ತಿರುಗಿದರೆ ಸ್ಖೇವೆನಿಂಗನ್ ಹಳ್ಳಿಯ ಹೆಂಚಿನ ಮನೆಗಳು. 14 ಮೀಟರ್ ಎತ್ತರದ ಕ್ಯಾನ್ವಾಸ್ ನಮ್ಮನ್ನು 120 ಮೀಟರ್ ಸುತ್ತುವರಿದಿದೆ.

ಕೆಳಗೆ ಹರಡಿರುವುದು ನಿಜವಾದ ಮರಳು. ಅದು ಎಲ್ಲಿ ಮುಗಿದು ಬಣ್ಣ ಎಲ್ಲಿ ಶುರುವಾಗುತ್ತದೆ? ಕಟಕಟೆಗೆ ಒರಗಿ ಹುಡುಕಿದೆ, ಸಿಗಲಿಲ್ಲ. ಚಿತ್ರದ ಮೇಲಂಚನ್ನು ತಲೆಯ ಮೇಲಿನ ಚಪ್ಪರ ಮುಚ್ಚಿದೆ. ಬೆಳಕು ಬರುವುದು ಗಾಜಿನ ಮಾಡಿನಿಂದ. ಹೊರಗೆ ಮೋಡ ಕವಿದಿರಬೇಕು, ಒಳಗಿನ ಸಮುದ್ರವೂ ಮಂಕಾಯಿತು.

ಇದನ್ನು ಬರೆದ ಚಿತ್ರಕಾರ ಹೆಂಡ್ರಿಕ್ ವಿಲ್ಲೆಮ್ ಮೆಸ್ಡಾಖ್ ಸ್ಖೇವೆನಿಂಗನ್‌ನ ಸೀನ್‌ಪೋಸ್ಟ್ ದಿಬ್ಬದ ಮೇಲೆ ಗಾಜಿನ ಕೊಳವೆಯೊಳಗೆ ಕೂತು, ಕಂಡದ್ದನ್ನೆಲ್ಲ ಗಾಜಿನ ಮೇಲೇ ಗೆರೆ ಎಳೆದುಕೊಂಡನಂತೆ. 1881ರಲ್ಲಿ ಹೆಂಡತಿ ಸಿಂಟ್ಯೆ, ಚಿತ್ರಕಾರ ಬ್ರೈಟ್ನರ್ ಮೊದಲಾದವರ ಜೊತೆ ಕೆಲವೇ ತಿಂಗಳಲ್ಲಿ ಮುಗಿಸಿದ. ದಡದಲ್ಲಿ ಬಿಳಿ ಕೊಡೆಯಡಿ ಕೂತು ಚಿತ್ರ ಬರೆಯುತ್ತಿರುವ ಹೆಂಗಸು ಸಿಂಟ್ಯೆಯೇ. ನನಗೆ ಜಾಸ್ತಿ ಇಷ್ಟವಾದದ್ದು ಆಕೆ.

ಸಿನಿಮಾ ಇಲ್ಲದ ಕಾಲದಲ್ಲಿ ಯುರೋಪಿನ ಜನಕ್ಕೆ ಇಂಥ ಪನೋರಮಾಗಳೇ ಮಜಾ. ಐರ್ಲೆಂಡಿನ ರಾಬರ್ಟ್ ಬಾರ್ಕರ್ 1787ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಊರು, ಯುದ್ಧ, ಏನಾದರೂ ಸರಿ, ಟಿಕೆಟ್ ಕೊಂಡು ನೋಡುತ್ತಿದ್ದರು. ನಮ್ಮ ಶ್ರೀರಂಗಪಟ್ಟಣವನ್ನೂ ಬಿಟ್ಟಿಲ್ಲ! ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಚಿತ್ರಕಾರ ರಾಬರ್ಟ್ ಕೆರ್ ಪೋರ್ಟರ್ ಕೋಟೆ ಬಿದ್ದ ದೃಶ್ಯವನ್ನು ಲಂಡನ್ನಿನಲ್ಲಿ ದೊಡ್ಡ ಪನೋರಮಾ ಮಾಡಿ ತೋರಿಸಿದ. ಅವನು ಶ್ರೀರಂಗಪಟ್ಟಣ ಕಂಡವನೇ ಅಲ್ಲ. ನಮ್ಮ ಸೋಲು ಅವರಿಗೆ ಸಂಜೆಯ ಕಾಲಕ್ಷೇಪ, ಅಲ್ವಾ?

ಮೆಸ್ಡಾಖ್‌ನ ಪನೋರಮಾ ನಡೆಸುತ್ತಿದ್ದ ಕಂಪನಿ 1886ರಲ್ಲಿ ದಿವಾಳಿಯಾಯಿತು. ಅವನೇ ಕೊಂಡುಕೊಂಡು, ನಷ್ಟವನ್ನೂ ತುಂಬಿಕೊಟ್ಟ. ಹಾಗಾಗಿ ಉಳಿಯಿತು.

ಸಂಜೆ ಟ್ರಾಮ್ ಹಿಡಿದು ನಿಜವಾದ ದಡಕ್ಕೂ ಹೋದೆವು. ಗಾಳಿಗೆ ಕಣ್ಣಿಗೆಲ್ಲ ಮರಳು. ಬೆಳಿಗ್ಗೆ ನಾವು 'ನಿಂತಿದ್ದ' ದಿಬ್ಬ ಹುಡುಕಿದೆ. ಹೋಟೆಲ್ ಕಟ್ಟಲೆಂದು ಅದನ್ನು ಯಾವತ್ತೋ ನೆಲಸಮ ಮಾಡಿದ್ದಾರೆ ಎಂದಳು ಅಕ್ಕನ ಮಗಳು.