ಐವತ್ತು ಸೆಂಟಿಮೀಟರ್ ಹಿಮದ ಕೆಳಗೆ

ಡಿಸೆಂಬರಿನ ಒಂದು ಬೆಳಿಗ್ಗೆ, ಗುಲ್ಮಾರ್ಗ್. ಎರಡು ದಿನ ಸುರಿದ ಹಿಮ ನಿಂತು ಬಿಸಿಲು ಬಂದಿದೆ. ಗೊಂಡೋಲಾ (ಕೇಬಲ್ ಕಾರ್) ಅಫರ್ವಟ್ ಬೆಟ್ಟದಲ್ಲಿ ಸುಮಾರು 3,950 ಮೀಟರ್ ಎತ್ತರಕ್ಕೆ ತಂದು ಬಿಡುತ್ತದೆ. ಸ್ಕೀ ಜಾಗದ ಗಡಿಗೆ ಕಟ್ಟಿದ ಹಗ್ಗದ ಆಚೆ ನೋಡಿದವರ ಬಾಯಲ್ಲಿ ಒಂದೇ ಮಾತು: "ಹಿಮ ಇನ್ನೂ ಕಮ್ಮಿ, ಕುಸಿಯೋಕೆ ಏನಿದೆ?" ಈ ಮಾತನ್ನು ನಂಬಲೇಬಾರದು, ತೆಳು ಹಿಮದಲ್ಲೂ ಹಿಮಕುಸಿತವಾಗುತ್ತದೆ.

ನೆಲಕ್ಕೆ ತಾಗಿದ ಹಿಮ ಸೊನ್ನೆ ಡಿಗ್ರಿಯ ಆಸುಪಾಸು ಇರುತ್ತದೆ. ಮೇಲ್ಮೈ ಮೈನಸ್ 10 ಇದ್ದು ಹಿಮ 50 ಸೆಂ.ಮೀ. ಮಾತ್ರ ಇದ್ದರೆ, ಮೀಟರಿಗೆ 20 ಡಿಗ್ರಿ ಅಂತರವಾಯಿತು. 10 ದಾಟಿದರೆ ಸಾಕು, ಕೆಳಗಿನಿಂದ ಆವಿ ಏರಿ ಕಣಗಳು ಪರಸ್ಪರ ಹಿಡಿತ ಬಿಟ್ಟು ಹರಳಾಗುತ್ತವೆ. ಅದೇ ಎರಡು ಮೀಟರ್ ಹಿಮವಿದ್ದರೆ ಅಂತರ ಮೀಟರಿಗೆ ಐದೇ ಡಿಗ್ರಿ. ಕಣಗಳು ಬೆಸೆದುಕೊಂಡು ಗಟ್ಟಿಯಾಗುತ್ತವೆ. ಹಾಗಾಗಿ ತೆಳು ಹಿಮವೇ ಬುಡದಲ್ಲಿ ಹೆಚ್ಚು ಸಡಿಲವಾಗುವುದು, ಅದರಲ್ಲೂ ಉತ್ತರದ ನೆರಳಿನ ಇಳಿಜಾರುಗಳಲ್ಲಿ.

ಸಲಿಕೆಯಿಂದ ನೆಲದವರೆಗೂ ಗುಂಡಿ ತೋಡಿದರೆ ಕಣ್ಣಿಗೇ ಕಾಣುತ್ತದೆ. ಮೇಲೆ ಗಾಳಿ ಒತ್ತಿ ಕೂರಿಸಿದ ಬಿಳಿ ಹಲಗೆ. ಬುಡದಲ್ಲಿ ಬೂದುಬಣ್ಣದ ಹರಳು. ಗ್ಲೌಸಿನ ಮೇಲೆ ಹಾಕಿದರೆ ಸಕ್ಕರೆಯಂತೆ ಉದುರುತ್ತದೆ, ಎಷ್ಟು ಹಿಚುಕಿದರೂ ಉಂಡೆ ಕಟ್ಟುವುದಿಲ್ಲ. ರಾಗಿ ಚೆಲ್ಲಿದ ನೆಲದ ಮೇಲೆ ಹಲಗೆ ಇಟ್ಟು ನಿಂತಂತೆ!

ಹಿಮ ಕುಸಿಯುವಂತಿದೆಯೇ ಎಂದು ಪರೀಕ್ಷಿಸಲು, ಇಳಿಜಾರಿಗೆ ಅಡ್ಡಲಾಗಿ 90 ಸೆಂ.ಮೀ. ಅಗಲ, ಇಳಿಜಾರಿನ ಮೇಲ್ಮುಖವಾಗಿ 30 ಸೆಂ.ಮೀ. ಇರುವ ಹಿಮದ ಕಂಬ ಕತ್ತರಿಸಿ, ಒಂದು ತುದಿಯಲ್ಲಿ ಸಲಿಕೆ ಇಟ್ಟು ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಸಲ ತಟ್ಟಬೇಕು. ಬಿರುಕು ಆ ತುದಿಯಿಂದ ಈ ತುದಿಗೆ ಒಮ್ಮೆಲೇ ಓಡಿದರೆ 30 ಡಿಗ್ರಿ ಮೀರಿದ ಇಳಿಜಾರಿಗೆ ಕಾಲಿಡಬೇಡಿ. ಓಡಲಿಲ್ಲ ಅಂತ ಧೈರ್ಯವೂ ಬೇಡ. ಹತ್ತು ಹೆಜ್ಜೆ ಆಚೆ ಹಿಮದ ಕತೆಯೇ ಬೇರೆ ಇರಬಹುದು. ನಡೆಯುವಾಗ ಕಾಲಡಿ "ವುಂಫ್" ಎಂದು ಕುಸಿದ ಸದ್ದು ಕೇಳಿದರೆ ಯಾವ ಪರೀಕ್ಷೆಯೂ ಬೇಕಿಲ್ಲ, ಹಿಂದಿರುಗಿ.

ಬಂಡೆಯ ಅಕ್ಕಪಕ್ಕ ಸುರಕ್ಷಿತ ಎಂದುಕೊಳ್ಳುವವರು ಬಹಳ. ಅಲ್ಲಿ ಹಲಗೆ ತೆಳು, ನಮ್ಮ ಭಾರ ನೇರವಾಗಿ ಹರಳಿಗೆ ತಲುಪುತ್ತದೆ. ಕುಸಿತ ಚಿಕ್ಕದಾದರೂ ಹೊರಚಾಚಿದ ಕಲ್ಲು, ಮರದ ಬೊಡ್ಡೆಗಳ ಮೇಲೆ ಎಳೆದೊಯ್ದು ಮೂಳೆ ಮುರಿಯುತ್ತದೆ.

ಟ್ರಾನ್ಸೀವರ್ (ಹೂತವರನ್ನು ರೇಡಿಯೋ ಸಂಕೇತದಿಂದ ಹುಡುಕುವ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ನೋಡುವ ಉದ್ದ ಕೋಲು), ಸಲಿಕೆ ಮೂರೂ ಪ್ರತಿಯೊಬ್ಬರ ಬಳಿ ಇರಲೇಬೇಕು. ಹುಡುಕುವಾಗ ಮೊಬೈಲ್ ಟ್ರಾನ್ಸೀವರಿನಿಂದ ಕನಿಷ್ಠ 50 ಸೆಂ.ಮೀ. ದೂರವಿರಲಿ, ಇಲ್ಲದಿದ್ದರೆ ಸಂಕೇತ ಕೆಡುತ್ತದೆ. ಹೂತವರನ್ನು ಹತ್ತು ಹದಿನೈದು ನಿಮಿಷದೊಳಗೆ ಹೊರತೆಗೆಯಬೇಕು. ಆಗ ಕೈಗೆ ಬರುವುದು ಜೊತೆಯಲ್ಲಿದ್ದವರ ಸಲಿಕೆ ಮಾತ್ರ.

ಇಂಥ ದಿನ 25 ಡಿಗ್ರಿಗಿಂತ ಕಡಿಮೆಯ, ತಲೆಯ ಮೇಲೆ ಕಡಿದಾದ ಇಳಿಜಾರಿಲ್ಲದ ಜಾಗ ಆರಿಸಿಕೊಂಡರೆ ಸಂಜೆವರೆಗೂ ಸ್ಕೀ ಮಾಡಬಹುದು.