ಕಾನ್ಸಾಸ್‌ನ ಜೋಳ, ಕಲಬುರಗಿಯ ತೊಗರಿ: ಇಲ್ಲಿ ಕೃಷಿ ಮಾಸ್ತರರು ತಯಾರಾಗುವ ಬಗೆ

ಸೆಪ್ಟೆಂಬರ್ ಕಳೆಯುತ್ತ ಬಂದಂತೆ ಕಾನ್ಸಾಸ್ ರಾಜ್ಯದ ಹೊಲಗಳಲ್ಲಿ ಜೋಳದ ತೆನೆ ಕೆಂಪಗೆ ಮಾಗುತ್ತದೆ. ಗಿಡ ಸೊಂಟದೆತ್ತರಕ್ಕಿಂತ ಹೆಚ್ಚು ಬೆಳೆಯುವುದಿಲ್ಲ. ತೆನೆಗಳೆಲ್ಲ ಒಂದೇ ಮಟ್ಟಕ್ಕೆ ನಿಂತಿರುತ್ತವೆ. ಅಮೆರಿಕದಲ್ಲಿ ಅತಿ ಹೆಚ್ಚು ಜೋಳ ಬೆಳೆಯುವ ರಾಜ್ಯ ಇದು. ಆದರೂ ಇಲ್ಲಿಯವರ ಊಟದಲ್ಲಿ ಜೋಳ ಕಾಣುವುದು ಅಪರೂಪ. ಕಾಳು ದನ, ಹಂದಿ, ಕೋಳಿಗಳ ಆಹಾರಕ್ಕೆ ಹೋಗುತ್ತದೆ, ಎಥೆನಾಲ್ ಕಾರ್ಖಾನೆಗೆ ಹೋಗುತ್ತದೆ, ಚೀನಾದವರು ಕೊಂಡರೆ ಹಡಗು ಹತ್ತುತ್ತದೆ. ಹೈಸ್ಕೂಲಿನಲ್ಲಿ ಕೃಷಿ ಕಲಿಸಬೇಕೆಂದು ತರಬೇತಿಗೆ ಸೇರುವ ಇಲ್ಲಿನ ಹುಡುಗ ಹುಡುಗಿಯರಿಗೆ ಜೋಳವೆಂದರೆ ಇಷ್ಟೇ. ಇದೇ ಕಾಳನ್ನು ಬೀಸಿ, ತಟ್ಟಿ, ಎರಡು ಹೊತ್ತು ಉಣ್ಣುವ ಸೀಮೆಯೊಂದಿದೆ, ಅಲ್ಲಿಯ ಒಕ್ಕಲುತನಕ್ಕೆ ತನ್ನದೇ ಲೆಕ್ಕವಿದೆ ಎಂಬುದನ್ನು ಅವರು ಕಲಿತು, ಮುಂದೆ ಹದಿನೈದು ವರ್ಷದ ಮಕ್ಕಳಿಗೆ ಸರಿಯಾಗಿ ಕಲಿಸುವಂತಾಗಬೇಕು. ಅದಕ್ಕೆ ಮಾಡುವ ತಯಾರಿಯ ಬಗ್ಗೆ ಈ ಬರಹ. ಕಲಬುರಗಿ, ಯಾದಗಿರಿ, ಬೀದರ್ ಕಡೆ ಕೃಷಿ ಓದುತ್ತಿರುವವರಿಗೂ ಶಾಲೆಯಲ್ಲಿ ಪಾಠ ಮಾಡುವವರಿಗೂ ಇದರಲ್ಲಿ ಎತ್ತಿಕೊಳ್ಳುವಂಥದ್ದು ಇದೆ.

ಮೊದಲು ಇಲ್ಲಿಯ ವ್ಯವಸ್ಥೆ. 1917ರ ಸ್ಮಿತ್-ಹ್ಯೂಸ್ ಕಾಯ್ದೆ ಹೈಸ್ಕೂಲಿನ ಕೃಷಿ ಪಾಠಕ್ಕೂ ಅದನ್ನು ಕಲಿಸುವವರ ತರಬೇತಿಗೂ ಕೇಂದ್ರ ಸರ್ಕಾರದ ಹಣ ಕೊಟ್ಟಿತು. 1928ರಲ್ಲಿ ಎಫ್‌ಎಫ್‌ಎ ಎಂಬ ವಿದ್ಯಾರ್ಥಿ ಸಂಘಟನೆ ಹುಟ್ಟಿತು. ಇಂದಿಗೂ ಕೃಷಿ ಶಿಕ್ಷಣಕ್ಕೆ ಮೂರು ಭಾಗ: ತರಗತಿ ಮತ್ತು ಪ್ರಯೋಗಾಲಯ, ವಿದ್ಯಾರ್ಥಿ ಮನೆಯಲ್ಲೋ ಹೊಲದಲ್ಲೋ ತಾನೇ ಲೆಕ್ಕವಿಟ್ಟು ನಡೆಸುವ ಒಂದು ಕೆಲಸ, ಆಮೇಲೆ ಎಫ್‌ಎಫ್‌ಎ. ಮಾಸ್ತರಾಗುವವರು ನಾಲ್ಕು ವರ್ಷದ ಪದವಿಯಲ್ಲಿ ಬೆಳೆ, ಮಣ್ಣು, ಪಶುಪಾಲನೆ, ವೆಲ್ಡಿಂಗ್, ಲೆಕ್ಕಪತ್ರ, ಬೋಧನಾ ವಿಧಾನ ಎಲ್ಲ ಓದಿ, ಕೊನೆಗೆ ಒಂದು ಸೆಮಿಸ್ಟರ್ ಪೂರ್ತಿ ಒಂದು ಶಾಲೆಯಲ್ಲಿ ಅನುಭವಿ ಶಿಕ್ಷಕರ ಕೈಕೆಳಗೆ ಪಾಠ ಮಾಡುತ್ತಾರೆ. ಇಷ್ಟೆಲ್ಲದರ ನಡುವೆ ‘ಜಗತ್ತಿನ ಆಹಾರ ಮತ್ತು ಕೃಷಿ’ಗೆ ಸಿಗುವ ಜಾಗ ಸಣ್ಣದು. ಸಣ್ಣ ಜಾಗವಾದ್ದರಿಂದಲೇ ಅಲ್ಲಿ ಅವಸರದ ಪಾಠ ಜಾಸ್ತಿ.

ಅವಸರದ ಪಾಠ ಹೇಗಿರುತ್ತದೆಂದರೆ, ಜಗತ್ತಿನ ನಕಾಶೆ, ಹಸಿವಿನ ಒಂದು ಚಿತ್ರ, ಎತ್ತು ಹೂಡಿದ ನೇಗಿಲಿನ ಒಂದು ಚಿತ್ರ, ಮುಂದೆ ಜನಸಂಖ್ಯೆ ಇಷ್ಟಾಗುತ್ತದೆ ಎಂಬ ಒಂದು ಅಂಕಿ, ಕೊನೆಗೆ ‘ನಾವು ಜಗತ್ತಿಗೆ ಉಣಿಸಬೇಕು’ ಎಂಬ ಒಂದು ಮಾತು. ಮಕ್ಕಳಿಗೆ ಇದರಿಂದ ಮರುಕ ಹುಟ್ಟುತ್ತದೆ, ತಿಳಿವಳಿಕೆ ಹುಟ್ಟುವುದಿಲ್ಲ. ಕಾರಣ ಸರಳ. ಪಾಠಕ್ಕೆ ಗುರಿ ಬರೆಯುವಾಗಲೇ ‘ಜಗತ್ತಿನ ಕೃಷಿಯನ್ನು ಅರಿಯುವುದು’ ಎಂದು ಬರೆದಿರುತ್ತಾರೆ. ಅರಿತರೋ ಇಲ್ಲವೋ ಎಂದು ಅಳೆಯಲು ಬರುವುದಿಲ್ಲ. ಅದರ ಬದಲು ‘ಕಾನ್ಸಾಸ್‌ನ ಮತ್ತು ಕಲಬುರಗಿಯ ಜೋಳದ ಗಿಡದ ಎತ್ತರ ಏಕೆ ಬೇರೆ ಎಂಬುದಕ್ಕೆ ವಿದ್ಯಾರ್ಥಿ ಮೂರು ಕಾರಣ ಕೊಡಬಲ್ಲ’ ಎಂದು ಬರೆದರೆ ಪಾಠ ತಾನೇ ಸರಿದಾರಿಗೆ ಬರುತ್ತದೆ. ಆದ್ದರಿಂದ ಮೊದಲ ನಿಯಮ: ಒಂದು ಪಾಠಕ್ಕೆ ಒಂದೇ ಬೆಳೆ. ಅದೂ ವಿದ್ಯಾರ್ಥಿಯ ಕೈಗೆ ಪರಿಚಯವಿರುವ ಬೆಳೆ.

ಈ ಜೋಳದ ಪಾಠವನ್ನೇ ಬಿಡಿಸಿ ನೋಡೋಣ. ಕಾನ್ಸಾಸ್‌ನವರು ಇಳುವರಿಯನ್ನು ಬುಷೆಲ್‌ನಲ್ಲಿ ಹೇಳುತ್ತಾರೆ. ಜೋಳದ ಒಂದು ಬುಷೆಲ್ 56 ಪೌಂಡ್, ಅಂದರೆ 25.4 ಕೆ.ಜಿ. ಎಕರೆಗೆ 80 ಬುಷೆಲ್ ಬಂತೆಂದರೆ 20 ಕ್ವಿಂಟಲ್ ಚಿಲ್ಲರೆ. ನಮ್ಮ ಯರಿ (ಕಪ್ಪು ಮಣ್ಣಿನ) ಹೊಲದ ಹಿಂಗಾರಿ ಬಿಳಿಜೋಳ, ನೀರು ಹಾಯಿಸದೆ, ಎಕರೆಗೆ ನಾಲ್ಕೈದು ಕ್ವಿಂಟಲ್ ಬಂತೆಂದುಕೊಳ್ಳಿ. ಎರಡೂ ಅಂಕಿಯನ್ನು ಬೋರ್ಡಿನ ಮೇಲೆ ಅಕ್ಕಪಕ್ಕ ಬರೆದ ಕೂಡಲೇ ತರಗತಿಯ ತೀರ್ಪು ಬಂದುಬಿಡುತ್ತದೆ: ಕಲಬುರಗಿಯವರು ಹಿಂದುಳಿದವರು. ತರಬೇತಿಯ ಶಿಕ್ಷಕ ಇಲ್ಲಿ ತಡೆದು ನಿಲ್ಲಿಸಲು ಕಲಿಯಬೇಕು. ಹೋಲಿಸುವ ಮೊದಲು ನಾಲ್ಕು ಪ್ರಶ್ನೆ ಕೇಳಿಸಬೇಕು: ಯಾವ ತಿಂಗಳು ಬಿತ್ತುತ್ತಾರೆ, ಆಗ ಮಣ್ಣಿನಲ್ಲಿ ನೀರು ಎಲ್ಲಿಂದ ಬರುತ್ತದೆ, ಕಾಳು ಬಿಟ್ಟು ಬೇರೇನು ಮನೆಗೆ ಬರುತ್ತದೆ, ಕಟಾವು ಯಾರು ಮಾಡುತ್ತಾರೆ.

ಉತ್ತರ ಹುಡುಕುವಾಗ ಚಿತ್ರ ಬದಲಾಗುತ್ತದೆ. ಕಾನ್ಸಾಸ್‌ನಲ್ಲಿ ಮೇ, ಜೂನ್‌ನಲ್ಲಿ ಬಿತ್ತಿ ಬೇಸಿಗೆಯ ಮಳೆಯಲ್ಲಿ ಬೆಳೆಸುತ್ತಾರೆ. ನಮ್ಮಲ್ಲಿ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ, ಮಳೆ ಹಿಂದೆ ಸರಿದ ಮೇಲೆ ಬಿತ್ತುತ್ತಾರೆ. ಆಮೇಲೆ ಗಿಡ ಬದುಕುವುದು ಕಪ್ಪು ಮಣ್ಣು ಹಿಡಿದಿಟ್ಟುಕೊಂಡ ತೇವದ ಮೇಲೆ. ಅವರದು 1950ರ ದಶಕದ ಕೊನೆಯಿಂದ ಹೈಬ್ರಿಡ್. ಗಿಡ ಗಿಡ್ಡವಾಗಿರುವುದು ಕಟಾವು ಯಂತ್ರದ ಅನುಕೂಲಕ್ಕೆ. ನಮ್ಮ ಮಾಲದಂಡಿ ಜೋಳ ಎತ್ತರ ಬೆಳೆಯುವುದು ಮನೆಗೆ ಬೇಕಾದ ಕಾರಣಕ್ಕೇ. ಕಾಳು ಅರ್ಧ ಬೆಳೆ, ಕಣಕಿ (ಒಣಗಿದ ದಂಟು) ಇನ್ನರ್ಧ. ಬೇಸಿಗೆಯಲ್ಲಿ ಎತ್ತು, ಎಮ್ಮೆ ನಿಲ್ಲುವುದು ಆ ಕಣಕಿಯ ಬಣವಿಯ ಮೇಲೆ, ಬರ ಬಿದ್ದ ವರ್ಷ ಅದರ ದರ ಕಾಳಿನ ದರವನ್ನೇ ಕೆಣಕುತ್ತದೆ. ಕಾಳಿನ ಜತೆ ಕಣಕಿಯ ಬೆಲೆಯನ್ನೂ ಸೇರಿಸಿ ಎಕರೆಯ ಆದಾಯ ಹಾಕಿಸಿ, ಬೀಜ, ಗೊಬ್ಬರ, ಡೀಸೆಲ್ ಖರ್ಚು ಕಳೆಯಿಸಿ. ಅಂತರ ಮಾಯವಾಗುವುದಿಲ್ಲ, ಹಾಗೆಂದು ನಟಿಸಲೂಬಾರದು. ಆದರೆ ‘ಹಿಂದುಳಿದವರು’ ಎಂಬ ಮಾತು ಉಳಿಯುವುದಿಲ್ಲ.

ಲೆಕ್ಕದಲ್ಲಿ ಪದೇ ಪದೇ ಆಗುವ ಒಂದು ತಪ್ಪನ್ನು ಹೇಳಲೇಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಅಂಕಿಅಂಶ ಎಲ್ಲರಿಗೂ ಉಚಿತ, ಪಾಠಕ್ಕೆ ಅದಕ್ಕಿಂತ ಒಳ್ಳೆಯ ಮೂಲ ಸಿಗುವುದು ಕಷ್ಟ. ಆದರೆ ಮೊದಲೇ ಇಳಿಸಿಕೊಂಡ ಹಳೆಯ ಕೋಷ್ಟಕಗಳಲ್ಲಿ ಇಳುವರಿ ಹೆಕ್ಟೇರಿಗೆ ಹೆಕ್ಟೋಗ್ರಾಂ ಲೆಕ್ಕದಲ್ಲಿದೆ, ಅಂದರೆ ನೂರು ಗ್ರಾಂನ ಘಟಕ. 8,500 ಎಂದು ಕಂಡದ್ದನ್ನು ಕೆ.ಜಿ. ಎಂದು ಓದಿದರೆ ಹತ್ತು ಪಟ್ಟು ತಪ್ಪು. ಅದು 850 ಕೆ.ಜಿ. ಎಕರೆಗೆ ತರಲು 2.47ರಿಂದ ಭಾಗಿಸಿ: 344 ಕೆ.ಜಿ., ಮೂರೂವರೆ ಕ್ವಿಂಟಲ್‌ಗೆ ಸ್ವಲ್ಪ ಕಡಿಮೆ. ಈ ಭಾಗಾಕಾರವನ್ನು ಶಿಕ್ಷಕ ಮಾಡಿಕೊಡಬಾರದು, ಮಕ್ಕಳೇ ಮಾಡಬೇಕು. ಉತ್ತರ ಬಂದ ಮೇಲೆ ‘ನಿಮ್ಮೂರಲ್ಲಿ ಇಷ್ಟು ಬರುತ್ತದೆಯೇ’ ಎಂದು ಕೇಳಿದರೆ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಇನ್ನು ತೊಗರಿ. ಕಲಬುರಗಿಯಲ್ಲಿ ಪಾಠ ಮಾಡುವವರಿಗೆ ಇದಕ್ಕಿಂತ ದೊಡ್ಡ ಪಠ್ಯ ಬೇಡ. ಜೋಳ ಆಫ್ರಿಕಾದಿಂದ ನಮ್ಮಲ್ಲಿಗೆ ಬಂತು, ತೊಗರಿ ನಮ್ಮಿಂದ ಆಫ್ರಿಕಾಕ್ಕೆ ಹೋಯಿತು. ಈಗ ಆ ತೊಗರಿ ಹಡಗಿನಲ್ಲಿ ವಾಪಸ್ ಬರುತ್ತಿದೆ. 2015ರಲ್ಲಿ ನಗರಗಳಲ್ಲಿ ಬ್ಯಾಳಿ ಕೆ.ಜಿ.ಗೆ 200 ರೂಪಾಯಿ ಮುಟ್ಟಿ ಗದ್ದಲವಾಯಿತು. 2016ರ ಜುಲೈನಲ್ಲಿ ಭಾರತ ಮೊಜಾಂಬಿಕ್ ಜತೆ ಒಪ್ಪಂದ ಮಾಡಿಕೊಂಡಿತು, ಆಮದನ್ನು 2020-21ರ ಹೊತ್ತಿಗೆ ವರ್ಷಕ್ಕೆ 2 ಲಕ್ಷ ಟನ್‌ಗೆ ಏರಿಸುವುದು ಗುರಿ. ಅದೇ ವರ್ಷ ನಮ್ಮಲ್ಲಿ ಮಳೆ ಚೆನ್ನಾಗಿ ಬಂದು ದಾಖಲೆ ಬೆಳೆ ಬಂತು. 2016-17ರ ಬೆಂಬಲ ಬೆಲೆ ಬೋನಸ್ ಸೇರಿ ಕ್ವಿಂಟಲ್‌ಗೆ 5,050 ರೂಪಾಯಿ, ಗಂಜ್ ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಕೆಳಗೆ ಬಿತ್ತು, ಖರೀದಿ ಕೇಂದ್ರದ ಮುಂದೆ ಚೀಲಗಳ ಸಾಲು ಬೆಳೆಯಿತು. 2017ರ ಆಗಸ್ಟ್‌ನಲ್ಲಿ ಭಾರತ ತೊಗರಿ ಆಮದಿಗೆ ಮಿತಿ ಹಾಕಿತು. ಇತ್ತ ನಮ್ಮ ರೈತನಿಗೆ ಒಂದಿಷ್ಟು ಉಸಿರು, ಅತ್ತ ಭಾರತವನ್ನೇ ನಂಬಿ ಬೆಳೆದ ಮೊಜಾಂಬಿಕ್ ರೈತನ ದರ ನೆಲ ಕಚ್ಚಿತು. ಅವನೂ ಮೆಕ್ಕೆಜೋಳದ ನಡುವೆ ತೊಗರಿ ಹಾಕುವ ಸಣ್ಣ ಒಕ್ಕಲಿಗನೇ. 2021ರ ಮೇನಲ್ಲಿ ಆಮದು ಮತ್ತೆ ಮುಕ್ತವಾಯಿತು.

ಇದನ್ನು ಎರಡು ಪೀರಿಯಡ್‌ಗಳಲ್ಲಿ ಕಲಿಸಬಹುದು. ಮೊದಲ ಪೀರಿಯಡ್‌ನಲ್ಲಿ ಹನ್ನೆರಡು ತಿಂಗಳ ಪಟ್ಟಿ ಎಳೆದು, ಪೂರ್ವ ಆಫ್ರಿಕಾದ ತೊಗರಿ ಆಗಸ್ಟ್, ಸೆಪ್ಟೆಂಬರ್ ಸುಮಾರಿಗೆ ಕಟಾವಾಗುವುದನ್ನೂ ನಮ್ಮ ರಾಶಿ ಡಿಸೆಂಬರ್, ಜನವರಿಯಲ್ಲಿ ಆಗುವುದನ್ನೂ ಗುರುತು ಹಾಕಿಸಿ. ನಮ್ಮ ರಾಶಿ ಹೊಲದಲ್ಲಿರುವಾಗಲೇ ಬಂದರಿನಲ್ಲಿ ಮಾಲು ಏಕೆ ಇರುತ್ತದೆ ಎಂಬುದು ಮಕ್ಕಳಿಗೆ ಆ ಪಟ್ಟಿ ನೋಡಿದರೇ ತಿಳಿಯುತ್ತದೆ. ಎರಡನೆಯದರಲ್ಲಿ ತರಗತಿಯನ್ನು ಐದು ಗುಂಪು ಮಾಡಿ: ಆಳಂದದ ರೈತ, ಕಲಬುರಗಿಯ ದಾಲ್ ಮಿಲ್ಲಿನ ಮಾಲೀಕ, ಮುಂಬೈಯ ಆಮದುದಾರ, ಮೊಜಾಂಬಿಕ್‌ನ ರೈತ, ಬೆಂಗಳೂರಿನಲ್ಲಿ ತಿಂಗಳ ಸಾಮಾನು ತರುವ ಗೃಹಿಣಿ. ಪ್ರತಿ ಗುಂಪಿಗೆ ಒಂದು ಚೀಟಿ. ಅದರಲ್ಲಿ ಆ ವ್ಯಕ್ತಿಗೆ 2017ರ ಆಗಸ್ಟ್‌ನಲ್ಲಿ ಗೊತ್ತಿದ್ದದ್ದು ಮಾತ್ರ ಇರಬೇಕು, ಆಮೇಲಿನದು ಬೇಡ. ಜತೆಗೆ ಅವರವರ ಖರ್ಚಿನ ಲೆಕ್ಕ. ಉದಾಹರಣೆಗೆ ಮಿಲ್ಲಿನವನ ಚೀಟಿಯಲ್ಲಿ, ಕ್ವಿಂಟಲ್ ತೊಗರಿ ಒಡೆದರೆ ಬ್ಯಾಳಿ ಸಿಗುವುದು 70 ಕೆ.ಜಿ. ಆಸುಪಾಸು, ಉಳಿದದ್ದು ಹೊಟ್ಟು, ನುಚ್ಚು ಎಂದಿರಲಿ.

ಈ ಖರ್ಚಿನ ಲೆಕ್ಕ ಬಿಟ್ಟರೆ ಪಾಠ ಕೆಡುತ್ತದೆ. ಐದು ನಿಮಿಷದಲ್ಲಿ ವ್ಯಾಪಾರಿ ಕಳ್ಳನಾಗುತ್ತಾನೆ, ರೈತ ದೇವರಾಗುತ್ತಾನೆ, ‘ಸರ್ಕಾರ ಏನಾದರೂ ಮಾಡಬೇಕು’ ಎಂಬಲ್ಲಿಗೆ ಚರ್ಚೆ ನಿಲ್ಲುತ್ತದೆ. ಕೊನೆಗೆ ಪ್ರತಿಯೊಬ್ಬರೂ ಐದು ಸಾಲು ಬರೆಯಬೇಕು: ಆಮದಿಗೆ ಮಿತಿ ಹಾಕುತ್ತೀಯೋ ಇಲ್ಲವೋ, ಹಾಕಿದರೆ ಯಾರಿಗೆ ಎಷ್ಟು ನಷ್ಟ, ಆ ನಷ್ಟ ಯಾಕೆ ಒಪ್ಪಬಹುದು. ಅಂಕ ಕೊಡುವುದು ಎರಡನೆಯ, ಮೂರನೆಯ ಉತ್ತರಕ್ಕೆ. ಮೊದಲನೆಯದಕ್ಕೆ ಯಾವ ಉತ್ತರ ಬರೆದರೂ ಸರಿ.

ಇಲ್ಲಿ ತರಬೇತಿಯಲ್ಲಿರುವವರು ಇಂಥ ಪಾಠವನ್ನು ಮೊದಲು ಹದಿನೈದು ನಿಮಿಷಕ್ಕೆ ಇಳಿಸಿ ಸಹಪಾಠಿಗಳ ಮುಂದೆ ಮಾಡಬೇಕು, ವಿಡಿಯೊ ಆಗಬೇಕು. ವಿಡಿಯೊ ನೋಡುವಾಗ ಎಣಿಸುವುದು ಎರಡನ್ನೇ: ಶಿಕ್ಷಕ ‘ಯಾಕೆ’ ಎಂದು ಎಷ್ಟು ಸಲ ಕೇಳಿದ, ಉತ್ತರಕ್ಕೆ ಕಾಯದೆ ತಾನೇ ಎಷ್ಟು ಸಲ ಹೇಳಿಬಿಟ್ಟ.

ಕೆಲವರಿಗೆ ಹತ್ತು ಹನ್ನೆರಡು ದಿನದ ಪರದೇಶ ಪ್ರವಾಸದ ಅವಕಾಶವೂ ಸಿಗುತ್ತದೆ. ಪ್ರವಾಸ ಒಳ್ಳೆಯದೇ, ಆದರೆ ತಾನಾಗಿ ಏನನ್ನೂ ಕಲಿಸುವುದಿಲ್ಲ. ವಾಪಸ್ ಬಂದವರ ಪಾಠ ಸಾಮಾನ್ಯವಾಗಿ ನಲವತ್ತು ಫೋಟೊಗಳ ಮೆರವಣಿಗೆ. ಹೊರಡುವ ಮೊದಲೇ ಒಂದು ಪ್ರಶ್ನೆ ಬರೆದಿಡಬೇಕು, ಅಲ್ಲಿರುವಾಗ ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಇರಬೇಕು: ಕಣ್ಣಾರೆ ಕಂಡದ್ದು, ಯಾರೋ ಹೇಳಿದ್ದು (ಯಾರು ಎಂಬುದರ ಸಮೇತ), ನನ್ನ ಊಹೆ. ದಿನದ ಕೊನೆಗೆ ಮೂರನೆಯ ಕಾಲಂ ತುಂಬಿ ಮೊದಲನೆಯದು ಖಾಲಿಯಿದ್ದರೆ ಮರುದಿನ ಹೊಲದಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು. ಪಾಠಕ್ಕೆ ಮೂರು ಫೋಟೊ ಸಾಕು. ಒಪ್ಪಿಗೆ ಕೇಳದೆ ತೆಗೆದ ಮುಖ ಒಂದೂ ಬೇಡ.

ನಮ್ಮ ಕಡೆಯವರಿಗೆ ವಿಮಾನದ ಟಿಕೆಟ್ ಬೇಕಿಲ್ಲ. ಹುಮನಾಬಾದ್, ಜಹೀರಾಬಾದ್ ದಾಟಿ ಹೈದರಾಬಾದ್ ಹೆದ್ದಾರಿಯಲ್ಲೇ ಪಟಾನ್‌ಚೆರು ಇದೆ. 1972ರಲ್ಲಿ ಆರಂಭವಾದ ಅಲ್ಲಿನ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ತಳಿ ಸಂಗ್ರಹದಲ್ಲಿ ಹದಿಮೂರು ಸಾವಿರಕ್ಕೂ ಹೆಚ್ಚು ತೊಗರಿ ಮಾದರಿಗಳಿವೆ, ಹಲವಾರು ದೇಶಗಳವು. ಕಲಬುರಗಿ, ಭೀಮರಾಯನಗುಡಿ ಕೃಷಿ ಕಾಲೇಜಿನವರು ಗ್ರಾಮೀಣ ಕೃಷಿ ಕಾರ್ಯಾನುಭವಕ್ಕೆ ಊರಿಗೆ ಹೋದಾಗ ನೆಲದ ಮೇಲೆ ರಂಗೋಲಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರಲ್ಲ, ಅದರ ಪಕ್ಕದಲ್ಲೇ ಒಂದು ಊಟದ ತಾಟು ಬಿಡಿಸಲಿ. ರೊಟ್ಟಿಯ ಜೋಳ ಆಫ್ರಿಕಾದ್ದು, ಪುಂಡಿಪಲ್ಯವೂ ಆಫ್ರಿಕಾದ್ದೇ, ಹಿಂಡಿಯ ಶೇಂಗಾ ದಕ್ಷಿಣ ಅಮೆರಿಕದ್ದು, ಖಾರದ ಮೆಣಸಿನಕಾಯಿ ಮೆಕ್ಸಿಕೊ ಕಡೆಯದು, ತೊಗರಿ ಬ್ಯಾಳಿ ಮತ್ತು ಬದನೆಕಾಯಿ ನಮ್ಮವು. ಊರಿನ ಹಿರಿಯರು ಸುತ್ತ ಕೂಡಿ ಮಾತಿಗಿಳಿಯುತ್ತಾರೆ, ಪಾಠ ಅಲ್ಲಿಂದ ಶುರು. ಕಾನ್ಸಾಸ್‌ನವರ ತಾಟೂ ಹೀಗೆಯೇ: ಅವರು ಹೆಮ್ಮೆಪಡುವ ಚಳಿಗಾಲದ ಗೋಧಿ 1874ರಲ್ಲಿ ರಷ್ಯಾ ಸಾಮ್ರಾಜ್ಯದಿಂದ ವಲಸೆ ಬಂದ ಮೆನೊನೈಟ್ ಎಂಬ ಕ್ರೈಸ್ತ ಪಂಥದ ರೈತರ ಜತೆ ಬಂದದ್ದು.

ನಮ್ಮ ಮಕ್ಕಳಲ್ಲಿ ಇರುವ ತಪ್ಪು ಕಲ್ಪನೆಯೂ ಸಣ್ಣದಲ್ಲ. ಅಮೆರಿಕದ ರೈತನೆಂದರೆ ಯಂತ್ರದಲ್ಲಿ ಕೂತ ಸಾಹುಕಾರ. ಅಲ್ಲಿಯ 2022ರ ಕೃಷಿ ಗಣತಿಯಂತೆ ಸರಾಸರಿ ಹಿಡುವಳಿ 463 ಎಕರೆ, ನಮ್ಮ ದೇಶದ್ದು 2015-16ರ ಗಣತಿಯಲ್ಲಿ 1.08 ಹೆಕ್ಟೇರ್. ಅಂಕಿ ನಿಜ. ಆದರೆ ಅಷ್ಟು ಹೊಲವಿದ್ದೂ ಅಲ್ಲಿಯ ಬಹುಪಾಲು ರೈತ ಕುಟುಂಬಗಳು ಹೊರಗಿನ ನೌಕರಿಯ ಸಂಬಳದ ಮೇಲೆ ನಿಂತಿವೆ, ಪಶ್ಚಿಮ ಕಾನ್ಸಾಸ್‌ನಲ್ಲಿ ಒಗಲಾಲ ಅಂತರ್ಜಲ ವರ್ಷ ವರ್ಷ ಕೆಳಗಿಳಿಯುತ್ತಿದೆ. ಬೋರ್‌ವೆಲ್ ಬತ್ತಿದ ಊರಿನ ಮಕ್ಕಳಿಗೆ ಇದನ್ನು ವಿವರಿಸಲು ಹೆಚ್ಚು ಮಾತು ಬೇಕಾಗುವುದಿಲ್ಲ.

ಎರಡೂ ಕಡೆಯ ತರಗತಿಗಳನ್ನು ಜೋಡಿಸುವ ಆಸೆಯಿದ್ದರೆ ಗಡಿಯಾರ ಮೊದಲು ನೋಡಿ. ಕಾನ್ಸಾಸ್ ನಮಗಿಂತ ಚಳಿಗಾಲದಲ್ಲಿ ಹನ್ನೊಂದೂವರೆ ಗಂಟೆ ಹಿಂದೆ, ಮಾರ್ಚ್‌ನಿಂದ ನವೆಂಬರ್ ಆರಂಭದವರೆಗೆ ಹತ್ತೂವರೆ ಗಂಟೆ. ಅವರ ಬೆಳಗಿನ ಎಂಟಕ್ಕೆ ನಮ್ಮಲ್ಲಿ ಸಂಜೆ ಆರೂವರೆ, ಇಲ್ಲವೇ ಏಳೂವರೆ. ಶಾಲೆ ಬಿಟ್ಟಿರುತ್ತದೆ, ಕರೆಂಟಿನ ಭರವಸೆಯಿಲ್ಲ. ನೇರ ಪ್ರಸಾರದ ಹಟ ಬಿಟ್ಟು ಎರಡು ಮೂರು ನಿಮಿಷದ ವಿಡಿಯೊ ಕಳಿಸಿಕೊಳ್ಳುವುದು ಮೇಲು: ಒಂದು ತಿಂಗಳಿಗೆ ಒಂದು, ಅದೇ ಹೊಲ, ಅದೇ ಮೂಲೆಯಲ್ಲಿ ನಿಂತು, ಪಕ್ಕದಲ್ಲಿ ಅಳತೆಯ ಕೋಲು ಊರಿ. ಸಸ್ಯಹೇನು ಬಿದ್ದರೆ, ನೆಟೆ ರೋಗ ಬಂದು ತೊಗರಿ ಒಣಗಿದರೆ ಅದನ್ನೂ ತೋರಿಸಿ, ಚೆಂದದ ಹೊಲ ಮಾತ್ರ ಬೇಡ. ಬೀಜವನ್ನಾಗಲಿ ಮಣ್ಣನ್ನಾಗಲಿ ಅಂಚೆಯಲ್ಲಿ ಕಳಿಸಲು ಹೋಗಬೇಡಿ. ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಬೀಜ ಗಡಿ ದಾಟುವಂತಿಲ್ಲ, ಮಣ್ಣಿಗೆ ನಿಯಮ ಇನ್ನೂ ಬಿಗಿ. ಮಕ್ಕಳು ಪ್ರೀತಿಯಿಂದ ಕಟ್ಟಿದ ಪೊಟ್ಟಣ ತನಿಖೆಯಲ್ಲೇ ನಾಶವಾಗುತ್ತದೆ. ಕಾಳನ್ನು ರೂಪಾಯಿ ನಾಣ್ಯದ ಪಕ್ಕ ಇಟ್ಟು ತೆಗೆದ ಫೋಟೊ ಕಳಿಸಿ, ನೂರು ಕಾಳಿನ ತೂಕ ಎಷ್ಟು ಗ್ರಾಂ ಎಂದು ಅಡಿಗೆ ಬರೆಯಿರಿ.