ಹೆಸರು ಮತ್ತು ಮೊತ್ತ ಮಾತ್ರ ಸಾಲದು

12 ನವೆಂಬರ್ 2024, ಮಂಗಳವಾರ

ಬೆಳೆ ಹಾನಿ ಪರಿಹಾರದ ಪಟ್ಟಿ ಬಂದೊಡನೆ ಎಲ್ಲರೂ ತಮ್ಮ ಹೆಸರು ಹುಡುಕುತ್ತಾರೆ. ಸಿಕ್ಕರೆ ಅಲ್ಲಿಗೆ ಮುಗಿಯಿತು. ಆದರೆ ಅದನ್ನು ಬಹಿರಂಗಪಡಿಸುವುದು ಊರಿನವರು ಕೂತು ತಾಳೆ ನೋಡಲಿ ಎಂದು.

ರಾಜ್ಯ ಸರ್ಕಾರದ ‘ಪರಿಹಾರ’ ಪೋರ್ಟಲ್‌ನಲ್ಲಿ ವರ್ಷ, ಋತು, ವಿಪತ್ತಿನ ವಿಧ, ಜಿಲ್ಲೆಯಿಂದ ಗ್ರಾಮದವರೆಗೆ ಆರಿಸಿದರೆ ಗ್ರಾಮವಾರು ವರದಿ ತೆರೆಯುತ್ತದೆ. ಬರ ಇದ್ದಲ್ಲಿ ಪ್ರವಾಹ ಆರಿಸಿದರೆ ಪುಟ ಖಾಲಿ. ‘ನಮ್ಮೂರಿಗೆ ಬಂದೇ ಇಲ್ಲ’ ಎಂಬ ಮಾತು ಹುಟ್ಟುವುದು ಹೀಗೂ ಉಂಟು.

ಮೊದಲು ಮೊತ್ತ ನೋಡಿ. ಶೇ. 33 ಮತ್ತು ಅದಕ್ಕೂ ಹೆಚ್ಚು ಹಾನಿಯಾಗಿದ್ದರೆ ವಿಪತ್ತು ಪರಿಹಾರ ನಿಧಿಯ 2022–26ರ ಅವಧಿಯ ದರ ಹೆಕ್ಟೇರಿಗೆ ಮಳೆಯಾಶ್ರಿತಕ್ಕೆ (ಖುಷ್ಕಿ) 8,500 ರೂಪಾಯಿ, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500. ಮಿತಿ 2 ಹೆಕ್ಟೇರ್, ಅಂದರೆ 4 ಎಕರೆ 37 ಗುಂಟೆ ಚಿಲ್ಲರೆ. ಒಂದೂವರೆ ಎಕರೆ ಖುಷ್ಕಿ ಜೋಳ ಹೋದವರಿಗೆ ಸುಮಾರು 5,160 ಬರಬೇಕು. ಆ ಸಾಲಿನಲ್ಲಿ 10,320ರ ಆಸುಪಾಸು ಕಂಡರೆ ಜಮೀನು ನೀರಾವರಿ ಎಂದು ನಮೂದಾಗಿದೆಯೇ ಎಂದು ವಿಚಾರಿಸಲೇಬೇಕು. ರಾಜ್ಯ ಸರ್ಕಾರ ತನ್ನ ಪಾಲು ಸೇರಿಸಿದ ವರ್ಷ ಲೆಕ್ಕ ಬೇರೆಯಾಗುತ್ತದೆ. ಆ ವರ್ಷದ ಆದೇಶ ಕೈಯಲ್ಲಿರಲಿ.

ಈ ತಾಳೆಗೆ ಸರ್ವೆ ನಂಬರ್, ವಿಸ್ತೀರ್ಣ, ಬೆಳೆ ಮೂರೂ ಬೇಕು. ಬರೀ ಹೆಸರು, ಮೊತ್ತ ಬರೆದು ಪಂಚಾಯಿತಿ ಗೋಡೆಗೆ ಅಂಟಿಸಿದ ಹಾಳೆಯಿಂದ ಯಾವ ತಪ್ಪೂ ಹೊರಬೀಳದು. ಸರ್ವೆ ನಂಬರ್ ಇದ್ದರೆ ಪಹಣಿ ತೆಗೆದು, ಬೆಳೆ ದರ್ಶಕ್ ಆ್ಯಪ್‌ನಲ್ಲಿ ಸಮೀಕ್ಷೆಯ ಫೋಟೋ ನೋಡಬಹುದು. ಒಂದೇ ನಂಬರಿನಲ್ಲಿ ಹಲವರಿದ್ದರೆ ಎಲ್ಲರ ವಿಸ್ತೀರ್ಣ ಕೂಡಿಸಿ. ಪಹಣಿಗಿಂತ ಹೆಚ್ಚಾದರೆ ಎಲ್ಲೋ ಎರಡು ಸಲ ನಮೂದಾಗಿದೆ. ಜಂಟಿ ಖಾತೆಯಲ್ಲಿ ಈ ಗೊಂದಲ ಜಾಸ್ತಿ. ಆಧಾರ್ ಸಂಖ್ಯೆಯನ್ನಂತೂ ಗೋಡೆಗೆ ಹಚ್ಚುವಂತಿಲ್ಲ. ಆಧಾರ್ ಕಾಯ್ದೆಯ 29(4) ಅದನ್ನು ನಿಷೇಧಿಸುತ್ತದೆ. ತಾಳೆ ನೋಡಲು ಅದು ಬೇಕಾಗಿಯೂ ಇಲ್ಲ.

ಪಟ್ಟಿಯಲ್ಲಿ ‘ಪಾವತಿ ಆಗಿದೆ’ ಎಂದಿದ್ದೂ ಪಾಸ್‌ಬುಕ್ಕಿನಲ್ಲಿ ಹಣವಿಲ್ಲವೇ? ಡಿಬಿಟಿ, ಅಂದರೆ ನೇರ ವರ್ಗಾವಣೆಯ ಹಣ ಹೋಗುವುದು ಪಾವತಿ ನಿಗಮ ಎನ್‌ಪಿಸಿಐನ ಮ್ಯಾಪಿಂಗ್‌ನಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಖಾತೆಗೆ. ರೈತರು ಸಹಕಾರಿ ಬ್ಯಾಂಕಿನ ಪುಸ್ತಕ ಹಿಡಿದು ಅಲೆಯುವಾಗ ಹಣ ಅವರು ಮರೆತೇಹೋದ ಇನ್ನೊಂದು ಖಾತೆಯಲ್ಲಿ ಕೂತಿರುತ್ತದೆ. ಆಧಾರ್ ಜಾಲತಾಣದ ಬ್ಯಾಂಕ್ ಸೀಡಿಂಗ್ (ಜೋಡಣೆ) ಸ್ಥಿತಿಯಲ್ಲಿ ಯಾವ ಬ್ಯಾಂಕ್ ಎಂದು ತಿಳಿಯುತ್ತದೆ. ಹೆಸರೇ ಇಲ್ಲದವರು ರೈತರ ನೋಂದಣಿ ತಂತ್ರಾಂಶ ಫ್ರೂಟ್ಸ್‌ನಲ್ಲಿ ತಮಗಿರುವ ಗುರುತಿನ ಸಂಖ್ಯೆ ಎಫ್‌ಐಡಿಗೆ ಎಲ್ಲ ಸರ್ವೆ ನಂಬರ್ ಸೇರಿವೆಯೇ ನೋಡಲಿ. ಪಹಣಿ ಇನ್ನೂ ತೀರಿಹೋದ ತಂದೆಯ ಹೆಸರಿನಲ್ಲೇ ಇದ್ದರೆ ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗದೆ ದಾರಿಯಿಲ್ಲ.

ವಿವರ ಸಿಗದಿದ್ದರೆ ತಹಶೀಲ್ದಾರ್ ಕಚೇರಿಗೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ. ಸಹಾಯಧನ ಕಾರ್ಯಕ್ರಮಗಳ ಮೊತ್ತವನ್ನೂ ಫಲಾನುಭವಿಗಳ ವಿವರವನ್ನೂ ಕಚೇರಿ ತಾನಾಗಿಯೇ ಪ್ರಕಟಿಸಬೇಕೆಂದು 2005ರ ಕಾಯ್ದೆಯ 4(1)(ಬಿ)(xii) ಹೇಳುತ್ತದೆ. ಅದನ್ನು ಅರ್ಜಿಯಲ್ಲೇ ಬರೆಯಿರಿ. ಕರ್ನಾಟಕದ ನಿಯಮದಂತೆ ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಹಾಗಾಗಿ ‘ಎಲ್ಲ ದಾಖಲೆ ಕೊಡಿ’ ಎನ್ನಬೇಡಿ. ಗ್ರಾಮ, ವರ್ಷ, ಋತು ಹೆಸರಿಸಿ, ಸರ್ವೆ ನಂಬರ್‌ವಾರು ವಿಸ್ತೀರ್ಣ, ಬೆಳೆ, ಹಾನಿಯ ಪ್ರಮಾಣ, ಪಾವತಿಸಿದ ಮೊತ್ತ ಕೇಳಿ. 30 ದಿನದೊಳಗೆ ಉತ್ತರ ಬಾರದಿದ್ದರೆ, ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಬೇಕು.